ಗುರುವಾರದ ಇಳಿಜಾರು

ಗುರುವಾರ ಹಡಪಸರದಾಗ ಕರೆಂಟ್ ಇರೂದಿಲ್ಲ.
ಗಾಳಿ ಮಷಿನ್ನು ಮೂಲ್ಯಾಗ ಎಮ್ಮಿ ಹಂಗ ಮಲಗಿರತೈತಿ.
ನಾ ಕೈಪಂಪ್ ಒತ್ತತೀನಿ,
ಮಂದಿ ಬಾಯಿ ತೆಗೀತಾರ.

ಇವತ್ತಿನ ತಕರಾರು: ಪುಣೆ ಸುತ್ತ
ಸೈಕಲ್ಲಿಗೆ ಎಲ್ಲಕ್ಕಿಂತ ಚೊಲೊ ಇಳಿಜಾರು ಯಾವುದು.

ಲಿಮಯೆ ಕಾಕಾ, ಖಡಕಿ ಕಾರಖಾನ್ಯಾಗ
ಮೂವತ್ತೆರಡು ವರ್ಷ ಗುಂಡು ಎಣಿಸಿದವ,
ಸಿಂಹಗಡ ಅಂತಾನ. ಬ್ಯಾರೆ ಮಾತಿಲ್ಲ.
'ಮ್ಯಾಲ ಗಡಗಿ ಮೊಸರು ಕುಡಿ, ಕಾಲು ಎತ್ತು,
ಗೋಳೆವಾಡಿ ಬರೂತನಕ ಪೆಡಲ್ ಮುಟ್ಟಬ್ಯಾಡ.
ಹೊಟ್ಟ್ಯಾಗ ಮೊಸರು ಮಜ್ಜಗಿ ಆಗಿರತೈತಿ.'

ಋಜುತಾ ಢಮಢೇರೆ, ಇಪ್ಪತ್ತೊಂದು ಗೇರಿನ ಹುಡುಗಿ:
'ಐತವಾರ ಅಲ್ಲಿ ಕಾರಿನ ಹೊಗಿ ಕುಡಕೋತ ಇಳೀಬೇಕು, ಕಾಕಾ.
ಬೋಪದೇವ ನೋಡ್ರಿ. ಕಡಿದಂಗ ರಸ್ತಾ.
ಎರಡನೇ ತಿರುವಿನಾಗ ಹೊಟ್ಟಿ ಮ್ಯಾಲ ಉಳೀತೈತಿ,
ಮೈಯಷ್ಟ ಕೆಳಗ ಹೋಗತೈತಿ.'

ಉಸ್ಮಾನ್ ತಾಂಬೋಳಿ, ಬ್ರೆಡ್ಡಿನ ಪೆಟಗಿ ಕಟಗೊಂಡು
ಊರೂರು ತಿರುಗಿದವ,
ಸೀಮೆಸುಣ್ಣ ತಗೊಂಡು ನೆಲದ ಮ್ಯಾಲ ದಿವೆ ಘಾಟ ಬರೀತಾನ.
ಇಲ್ಲೆ ಮಸ್ತಾನಿ ಕೆರಿ. ಇಲ್ಲೆ ಗಾಳಿ ಎದಿಗೆ ಹೊಡೆಯೂ ಜಾಗಾ.
ಇಲ್ಲೆ ನನ್ನ ಟೊಪ್ಪಿಗಿ ಹೋತು, ತೊಂಬತ್ತೊಂದರಾಗ,
ಇನ್ನೂ ಕೆಳಗ ಬಿದ್ದಿಲ್ಲ.

ಮಾತೆಲ್ಲ ಮರಾಠಿ. ನಾ ಲೆಕ್ಕ ಮಾತ್ರ ಕನ್ನಡದಾಗ ಹಾಕತೀನಿ.
ನನ್ನ ಕೇಳಿದರ ಇಳಿಜಾರು ಅಂದರ ಬ್ರೇಕಿನ ರಬ್ಬರು.
ಸಿಂಹಗಡದ್ದು ಓರೆ ಸವೆದಿರತೈತಿ,
ಬೋಪದೇವದ್ದು ಸುಟ್ಟ ವಾಸನಿ,
ಕಾತ್ರಜದ್ದು ಎರಡೂ ಕಡೆ ಸಮ, ಉಜ್ಜಿದ ಹಲ್ಲು ಹಂಗ.
ಅದಕ್ಕ ಕಾತ್ರಜ ಅಂದೆ. ಹಳೇ ಸುರಂಗದ ಬಾಯಿಂದ
ಕೆರೀತನಕ. ದೊಡ್ಡ ದನಿಯಾಗ ಅಂದೆ.

ಖರೆ ಹೇಳಬೇಕಂದರ ನಾ ಅದನ್ನ ಇಳಿದದ್ದು ಒಮ್ಮೆ,
ಗಿರಾಕಿ ಸೈಕಲ್ ಮ್ಯಾಲ, ಬ್ರೇಕ್ ನೋಡತೀನಿ ಅಂತ ನೆವ ಮಾಡಿ.
ನಮ್ಮೂರು ಇಂಡಿ ಕಡೆ. ರೊಟ್ಟಿ ಬಡಿದಂಗ ನೆಲ.
ಅಲ್ಲಿ ಇಳಿಜಾರು ಅಂದರ ಕೆರೆ ಏರಿ,
ಐದು ಎಣಿಸೂದರಾಗ ಮುಗೀತಿತ್ತು.
ಸುರಂಗ ದಾಟಿ ಕಾಲು ಬಿಟ್ಟೆ ನೋಡ್ರಿ,
ಐದು ಎಣಿಸಿದೆ, ಹತ್ತು ಎಣಿಸಿದೆ,
ನೂರಾ ನಲವತ್ತಕ್ಕ ಎಣಿಕಿ ತಪ್ಪಿತು.

ಆ ಗಿರಾಕಿ ಸೈಕಲ್ ಒಯ್ಯಾಕ ಬರಲೇ ಇಲ್ಲ.
ಹದಿಮೂರು ವರ್ಷ ಮೊಳಿಗೆ ತೂಗಾಕತ್ತೈತಿ,
ವಾರಕ್ಕೊಮ್ಮೆ ಗಾಳಿ ತುಂಬತೀನಿ.

ಹನ್ನೊಂದಕ್ಕ ಕೊಂಡಾಬಾಯಿ ಝೆಂಡೆ ಬಂದಳು,
ಹ್ಯಾಂಡಲ್ಲಿಗೆ ಎರಡು, ಹಿಂದ ಎರಡು ಬುಟ್ಟಿ ಅಂಜೂರ.
'ರಬ್ಬರ್ ಬದಲಿ ಮಾಡು. ಹೋದ ವಾರದ್ದು ಮುಗಿದಾವ.'
ನಾಕೂ ಮಂದಿ ಒಮ್ಮೆಲೆ ಕೇಳಿದಿವಿ: ನೀ ಹೇಳು, ಯಾವುದು?

ನಕ್ಕಳು. 'ಘಾಟಿನಾಗ ನಾ ಯಾವತ್ತ ಸೈಕಲ್ ಹತ್ತೀನಿ?
ಹಿಡಕೊಂಡು ನಡೀತೀನಿ, ಎರಡೂ ಬ್ರೇಕ್ ಒತ್ತಿ.
ಬುಟ್ಟಿ ಮುಂದ ಜಗ್ಗತಾವ, ಮೊಲಿಗೆ ಓಡೂ ಕರು ಹಂಗ.
ವಡಕಿ ಬಂದಮ್ಯಾಲನ ಸೀಟು.'

ನಾ ರಬ್ಬರ್ ಕೂಡಸೂತನಕ ಆಕಿ ಹಣ್ಣು ಆರಿಸಿದಳು,
ಒಡೆದದ್ದು, ಜಜ್ಜಿದ್ದು ಬ್ಯಾರೆ ತೆಗೆದು
ಲಿಮಯೆ ಕಾಕಾನ ಪೇಪರ್ ಮ್ಯಾಲ ಇಟ್ಟಳು.
'ಇದು ಮೊದಲನೇ ತಿರುವಿಂದು. ಲಾರಿ ಬಂತು, ಗಪ್ಪನೆ ನಿಂತೆ.
ಇದು ರಸ್ತಾ ಅಗದಾರಲ್ಲ, ಅಲ್ಲಿದು.
ಇದು... ಇದು ನಾ ಕೆರಿ ನೋಡಕೋತ ನಿಂತಾಗ
ಸೈಕಲ್ ವಾಲಿತು.'

ತಿಂದಿವಿ. ಲಾರೀದು ಸ್ವಲ್ಪ ಹುಳಿ.
ಕೆರೀದು ಭಾಳ ಸವಿ ಇತ್ತು, ಒಂದ ಇತ್ತು, ನಾಕು ಪಾಲು ಮಾಡಿದಿವಿ.
ಉಸ್ಮಾನ್ ಮಾತಾಡಲಿಲ್ಲ. ಸೀಮೆಸುಣ್ಣದ ಗೆರಿ ಮ್ಯಾಲ
ಬೆರಳಿಟ್ಟು ಲಿಮಯೆ ಕಾಕಾನ ಮಾರಿ ನೋಡಿದ.
'ಹಣ್ಣಿನ ಸಾಕ್ಷಿ ನಡೆಯೂದಿಲ್ಲ' ಅಂದ ಕಾಕಾ,
ಇನ್ನೊಂದಕ್ಕ ಕೈ ಹಾಕಿ.
'ನಾ ದಿವೆ ಘಾಟ ಹತ್ತು ಸಲ ಇಳದೀನಿ,' ಅಂದಳು ಋಜುತಾ,
'ಕೆರಿ ಎಲ್ಲೈತಿ?'

ಅಷ್ಟರಾಗ ಕರೆಂಟ್ ಬಂತು, ಗಾಳಿ ಮಷಿನ್ ಒದರಾಕ ಹತ್ತಿತು.
ಕೊಂಡಾಬಾಯಿ ಕೈ ಎತ್ತಿ ಏನೋ ಹೇಳಿದಳು,
ಯಾರಿಗೂ ಕೇಳಲಿಲ್ಲ.
ರಬ್ಬರಿನ ರೊಕ್ಕ ಇಸಗೊಳ್ಳೂದು ಮರತೆ.
ಸಂಜಿಗೆ ಇದ ಹಾದಿಲೆ ಬರತಾಳ,
ಖಾಲಿ ಬುಟ್ಟಿ, ಏರು.